ಕೋಟೆಯ ಬೀಗದ ಕೈ

"ಮುಟ್ಟಬೇಡ! ಅದು ಹಿಸ್ಟರಿ!"

ಸ್ಟೀರಿಂಗ್ ಹಿಡಿದಿದ್ದ ಅಪ್ಪನಿಗೆ ಬೆನ್ನಲ್ಲೂ ಕಣ್ಣಿತ್ತು. ಹಿಂದಿನ ಸೀಟಿನಲ್ಲಿದ್ದ ಬುಗುರಿ ಕೈ ಎಳೆದುಕೊಂಡಳು. ಕೂತಲ್ಲಿ ಕೂರುವವಳಲ್ಲ ಎಂದು ಮನೆಯವರು ಇಟ್ಟ ಹೆಸರು ಅದು.

ಅವಳಿಗೂ ಅಜ್ಜಿಗೂ ನಡುವೆ ಒಂದು ಗಾಜಿನ ಪೆಟ್ಟಿಗೆ ಸೀಟ್ ಬೆಲ್ಟ್ ಹಾಕಿಕೊಂಡು ಕೂತಿತ್ತು. ಅದರೊಳಗೆ, ಮೆತ್ತನೆಯ ಕೆಂಪು ಬಟ್ಟೆಯ ಮೇಲೆ, ಗೇಣುದ್ದದ ಕಬ್ಬಿಣದ ಬೀಗದ ಕೈ.

"ಬೆನ್ನು ನೋವು, ಒಂದು ದಿಂಬು ಇಡೋ ಅಂದೆ. ನನಗೆ ದಿಂಬಿಲ್ಲ, ಈ ತುಕ್ಕಿಗೆ ಹಾಸಿಗೆ!" ಎಂದರು ಅಜ್ಜಿ.

"ತುಕ್ಕಲ್ಲಮ್ಮ, ನಮ್ಮ ವಂಶದ ಕೀರ್ತಿ" ಎಂದರು ಅಪ್ಪ.

"ನಾನು ಸೊಸೆಯಾಗಿ ಬಂದಾಗ ನಿಮ್ಮ ಕೀರ್ತಿ ಬಾಗಿಲ ಹತ್ರ ಬಿದ್ದಿತ್ತು. ಗಾಳಿಗೆ ಬಾಗಿಲು ಬಡ್ಕೊಳ್ಳದ ಹಾಗೆ ಅಡ್ಡ ಇಡ್ತಿದ್ರು."

ಮುಂದೆ ಕೂತಿದ್ದ ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕರು.

ಅಪ್ಪ ಹೇಳುವ ಕತೆ ಹೀಗಿತ್ತು. ಅವರ ಮುತ್ತಾತ ಗಡಿಯ ಕೋಟೆಯ ಕಾವಲುಗಾರ. ಶತ್ರುಗಳು ಬಂದಾಗ ಈ ಕೀಲಿಯಿಂದಲೇ ಬಾಗಿಲಿಗೆ ಬೀಗ ಜಡಿದು, ಒಬ್ಬನೇ ನಿಂತು ಎಲ್ಲರನ್ನೂ ಓಡಿಸಿದನಂತೆ. ಹೋದ ವರ್ಷ ಶತ್ರುಗಳು ನೂರು ಜನ ಇದ್ದರು. ಈ ವರ್ಷ ಸಾವಿರ ಆಗಿದ್ದರು. ಪಾಪ, ಓಡಿಹೋದಮೇಲೂ ಅವರ ಸಂಖ್ಯೆ ಬೆಳೆಯುತ್ತಲೇ ಇತ್ತು.

ಬುಗುರಿ ಈ ಕತೆಯನ್ನು ಊಟದ ಬಿಡುವಿನಲ್ಲಿ ಕ್ಲಾಸಿನಲ್ಲಿ ಹೇಳಿದ್ದಳು. ಎಲ್ಲರೂ "ವಾವ್" ಅಂದರೂ, ಪಕ್ಕದ ಬೆಂಚಿನ ಹುಡುಗಿ ಮಾತ್ರ ಅನ್ನಲಿಲ್ಲ. ಆ ಹುಡುಗಿಯನ್ನು ಎಲ್ಲರೂ ಪ್ರೂಫ್ ಅಂತಲೇ ಕರೆಯುತ್ತಿದ್ದರು.

"ಆ ಕೀಯಿಂದ ಕೋಟೆ ಬೀಗ ತೆಗೆದು ನೋಡಿದ್ದೀರಾ? ಪ್ರೂಫ್ ಎಲ್ಲಿ?" ಎಂದು ಕೇಳಿದ್ದಳು ಪ್ರೂಫ್.

ಬುಗುರಿಗೆ ಮೈ ಉರಿದುಹೋಗಿತ್ತು. "ನಿಮ್ಮನೇಲಿ ಏನಿದೆ ಹೇಳು? ನಿಮ್ಮ ತಾತನ ತಾತ ಎಮ್ಮೆ ಕಾಯ್ತಿದ್ದ ಅಂತ ನೀನೇ ಹೇಳಿದ್ದೆ. ಎಮ್ಮೆಗೆ ಎಂಥ ಹಿಸ್ಟರಿ?"

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತ್ತು. ಪ್ರೂಫ್ ಅರ್ಧ ತಿಂದ ಊಟದ ಡಬ್ಬಿಯನ್ನು ಮುಚ್ಚಿಟ್ಟಿದ್ದಳು. ಆಮೇಲೆ ಮೆಲ್ಲಗೆ ಹೇಳಿದ್ದಳು: "ಸೋಮವಾರ ಫೋಟೋ ತಗೊಂಡು ಬಾ."

"ತರದಿದ್ರೆ ನಿನ್ನ ಹೆಸರು ಡೂಪ್!" ಎಂದು ಹಿಂದಿನ ಬೆಂಚಿನವರು ಕೂಗಿದ್ದರು. ಅದಕ್ಕೇ ಈ ಪ್ರಯಾಣ.

ಮೊದಲು ಸಿಕ್ಕಿದ್ದು ಹೊಳೆಯ ಈಚೆಯ ಊರು. ಚೌಕದಲ್ಲಿ ಒಂದು ಕಲ್ಲು ನಿಲ್ಲಿಸಿದ್ದರು. "ಇಲ್ಲಿ ನಮ್ಮವರು ಶತ್ರುಗಳನ್ನು ಸೋಲಿಸಿದರು" ಎಂದು ಕೆತ್ತಿದ್ದರು. ಅಪ್ಪ ಕಾರಿನಿಂದ ಇಳಿದು ಸೆಲ್ಯೂಟ್ ಹೊಡೆದರು.

ಸೇತುವೆ ದಾಟಿದರೆ ಆಚೆಯ ಊರು. ಅಲ್ಲೂ ಒಂದು ಕಲ್ಲು. ಅಲ್ಲೂ "ಇಲ್ಲಿ ನಮ್ಮವರು ಶತ್ರುಗಳನ್ನು ಸೋಲಿಸಿದರು." ಅದೇ ಯುದ್ಧ, ಅದೇ ತಾರೀಕು.

"ಸುಳ್ಳು! ಕಲ್ಲಲ್ಲಿ ಕೆತ್ತಿಸಿಬಿಟ್ರೆ ನಿಜ ಆಗಿಬಿಡುತ್ತಾ? ನಾಚಿಕೆ ಆಗ್ಬೇಕು ಇವರಿಗೆ!" ಎಂದು ಅಪ್ಪ ಕೆಂಡವಾದರು.

"ಹಾಗಾದ್ರೆ ಸೋತಿದ್ದು ಯಾರಪ್ಪ?"

"ಸೋತವರಿಗೆ ಕಲ್ಲು ಸಿಗಲಿಲ್ಲ ಅನ್ಸುತ್ತೆ" ಎಂದರು ಅಮ್ಮ.

ರಸ್ತೆ ಇನ್ನೊಂದು ಸೇತುವೆ ದಾಟಿ ಮತ್ತೆ ಈಚೆಗೆ ಬಂತು. ಮುಂದಿನ ಹಳ್ಳಿಗಳಲ್ಲಿ ಬಾವಿಗಳು ಶುರುವಾದವು. ಹಳ್ಳಿಗೊಂದು ಬಾವಿ, ಬಾವಿಗೊಂದು ಬೋರ್ಡು: ಯುದ್ಧಕ್ಕೆ ಹೊರಟ ರಾಜ ನೀರು ಕುಡಿದ ಜಾಗ. "ಅವನು ಯುದ್ಧಕ್ಕೆ ಬಂದಿದ್ನೋ, ಬಾವಿ ಬರಿದು ಮಾಡೋಕೆ ಬಂದಿದ್ನೋ!" ಎಂದರು ಅಜ್ಜಿ. ಬುಗುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಂಥ ಬುರುಡೆ ಜನ!

ಕೊನೆಗೂ ಕೋಟೆ ಬಂತು. ಅಪ್ಪ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿನ ಮುಂದೆ ನಿಂತರು. ಆನೆ ನುಗ್ಗುವಷ್ಟು ದೊಡ್ಡ ಬಾಗಿಲು. ಅಪ್ಪ ಎಡಗಡೆ ಹುಡುಕಿದರು, ಬಲಗಡೆ ಹುಡುಕಿದರು, ಬಗ್ಗಿ ಹುಡುಕಿದರು. ಬೀಗ ಇರಲಿಲ್ಲ. ಬೀಗ ಹಾಕುವ ಚಿಲಕವೂ ಇರಲಿಲ್ಲ. ಒಳಗಡೆ ಗೋಡೆಯಲ್ಲಿ ಎರಡು ದೊಡ್ಡ ಗೂಡುಗಳಿದ್ದವು. ಬಾಗಿಲಿಗೆ ಅಡ್ಡ ಹಾಕುವ ಮರದ ದಿಮ್ಮಿಯ ತುದಿಗಳು ಅವುಗಳಲ್ಲಿ ಕೂರುತ್ತಿದ್ದವು. ಈ ಬಾಗಿಲು ಹುಟ್ಟಿದಂದಿನಿಂದ ಕೀಲಿಯ ಮುಖವನ್ನೇ ನೋಡಿರಲಿಲ್ಲ.

ಅಪ್ಪನ ಮುಖ ಸಪ್ಪಗಾಯಿತು. ಬುಗುರಿಗೆ ಅಳು ಬಂತು. ಡೂಪ್, ಡೂಪ್ ಎಂದು ಕಿವಿಯಲ್ಲೇ ಕೂಗಿದಂತಾಯಿತು. ಅವಳು ಪೆಟ್ಟಿಗೆ ತೆರೆದು ಕೀಲಿಯನ್ನು ಕಿತ್ತುಕೊಂಡು ಕೋಟೆಗೋಡೆಯ ಪಕ್ಕ ಓಡಿದಳು. ಎಲ್ಲಾದರೂ ಒಂದು ಬೀಗ ಇರಲೇಬೇಕು!

ಇತ್ತು. ಗೋಡೆಯ ಹಿಂದೆ ಕಲ್ಲುಕಟ್ಟಿನ ಆವರಣ, ಅದಕ್ಕೊಂದು ಕಬ್ಬಿಣದ ಗೇಟು, ಗೇಟಿಗೆ ಎಣ್ಣೆ ಬಿಟ್ಟ ಹಳೇ ಬೀಗ. ಕೀಲಿ ಹಾಕಿ ತಿರುಗಿಸಿದಳು. ಕಟಕ್!

"ಅಪ್ಪಾ! ಓಪನ್ ಆಯ್ತು!"

ಆಯಿತು, ಸರಿಯಾಗೇ ಆಯಿತು. ಒಳಗಿದ್ದ ಆಡುಗಳೆಲ್ಲ ಅವಳನ್ನು ತಳ್ಳಿಕೊಂಡು ಹೊರಗೆ ನುಗ್ಗಿದವು.

"ಯಾರ್ರೀ ಅದು ನನ್ನ ಬೀಗ ತೆಗ್ದೋರು?" ಎಂದು ಒಬ್ಬ ಹೆಂಗಸು ಕೋಲು ಹಿಡಿದು ಓಡಿಬಂದಳು. ವೀರರ ಮರಿಮಗ ಅಪ್ಪ ಒಂದು ಹೋತಕ್ಕೆ ಹೆದರಿ ಕಾರಿನ ಹಿಂದೆ ನಿಂತರು. ಅಜ್ಜಿಯೂ ಅಮ್ಮನೂ ಹುಶ್ ಹುಶ್ ಎಂದು ಅಟ್ಟಿ ಆಡುಗಳನ್ನು ಒಳಗೆ ಸೇರಿಸುವ ಹೊತ್ತಿಗೆ ಎಲ್ಲರಿಗೂ ಏದುಸಿರು.

ಆಡಿನವಳು ಕೀಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ತನ್ನ ಸೊಂಟದಲ್ಲಿದ್ದ ಕೀಲಿಯನ್ನು ಪಕ್ಕಕ್ಕೆ ಹಿಡಿದಳು. ಎರಡೂ ಒಂದೇ. "ಅಯ್ಯೋ, ಇದು ನಿಮ್ಮನೇಲಿತ್ತಾ? ಈ ಜಾಗ ಹಳೇ ಕಾಲದ ದನದ ದೊಡ್ಡಿ ಕಣ್ರೀ. ಆಚೆಯವರ ದನ ಗಡಿ ದಾಟಿ ಬಂದ್ರೆ ಹಿಡಿದು ಕೂಡಿಹಾಕ್ತಿದ್ರಂತೆ. ದಂಡ ಕೊಡೋವರೆಗೂ ಬಿಡ್ತಿರಲಿಲ್ಲ. ದೊಡ್ಡಿ ಕಾಯೋನು ಒಂದು ಕೀಲಿ ಜೇಬಲ್ಲಿ ಹಾಕ್ಕೊಂಡು ಊರು ಬಿಟ್ಟ ಅಂತ ನಮ್ಮಜ್ಜಿ ಬೈಯ್ತಾನೇ ಇದ್ರು."

ಅಜ್ಜಿ ನೆಲದ ಮೇಲೆ ಕೂತೇಬಿಟ್ಟರು. "ಸಾವಿರ ಶತ್ರುಗಳು! ಎಲ್ಲಾ ನಾಲ್ಕು ಕಾಲಿನವು!" ಎಂದು ನಕ್ಕೂ ನಕ್ಕೂ ಅವರ ಕಣ್ಣಲ್ಲಿ ನೀರು ಬಂತು.

ಅಪ್ಪ ನಗಲಿಲ್ಲ. ಬುಗುರಿಯನ್ನು ಕೋಟೆ ಬಾಗಿಲಿಗೆ ಕರೆದುಕೊಂಡು ಹೋದರು. "ಕೀನ ಬಾಗಿಲಿಗೆ ತಾಗಿಸಿ ಹಿಡ್ಕೊ. ಫೋಟೋ ತೆಗೀತೀನಿ."

"ಇಲ್ಲಿ ಬೀಗಾನೇ ಇಲ್ವಲ್ಲಪ್ಪ."

"ನಿನ್ನ ಕೈ ಅಡ್ಡ ಇರುತ್ತೆ. ಯಾರಿಗೆ ಗೊತ್ತಾಗುತ್ತೆ? ನಗು."

ಬುಗುರಿ ನಕ್ಕಳು. ನಿಜವಾಗಲೂ ಖುಷಿಯಾಗಿತ್ತು. ಸೋಮವಾರ ಪಾರಾದ ಹಾಗೆ! ಅಷ್ಟರಲ್ಲಿ ಹೊಳೆಯ ಆಚೆಯ ಕಲ್ಲು ನೆನಪಾಯಿತು. ಆಮೇಲೆ ಈಚೆಯ ಕಲ್ಲೂ ನೆನಪಾಯಿತು. ಅವಳ ಕೈ ತಾನಾಗಿಯೇ ಕೆಳಗಿಳಿಯಿತು.

"ಅಪ್ಪಾ, ಆ ಕಲ್ಲು ಕೆತ್ತೋವಾಗ ಅವರೂ ಹೀಗೇ ಅಂದ್ಕೊಂಡಿರ್ತಾರಾ? ಯಾರಿಗೆ ಗೊತ್ತಾಗುತ್ತೆ ಅಂತ?"

ಅಪ್ಪ ಫೋನನ್ನು ಜೇಬಿಗೆ ಹಾಕಿಕೊಂಡರು. ಫೋಟೋ ತೆಗೆಯಲಿಲ್ಲ.

ದೊಡ್ಡಿಯ ಗೇಟಿನ ಮುಂದೆ ಅಮ್ಮ ತೆಗೆದರು. ಬೀಗದಲ್ಲಿ ಕೀಲಿ, ಪಕ್ಕದಲ್ಲಿ ಬುಗುರಿ, ಸರಳಿನ ಸಂದಿಯಿಂದ ಅವಳ ತೋಳು ಜಗಿಯುತ್ತಿರುವ ಒಂದು ಆಡು.

ವಾಪಸು ಬರುವಾಗ ಪೆಟ್ಟಿಗೆಗೆ ಯಾರೂ ಬೆಲ್ಟ್ ಹಾಕಲಿಲ್ಲ. ಕೆಂಪು ಬಟ್ಟೆ ಮಡಚಿಕೊಂಡು ಅಜ್ಜಿಯ ಬೆನ್ನಿಗೆ ಬಂದಿತ್ತು. ಬುಗುರಿ ಫೋಟೋವನ್ನೇ ನೋಡುತ್ತಿದ್ದಳು. ಅವಳಿಗೆ ಹಳೇ ಕಾಲ ಕಂಡಂತಾಯಿತು: ಆ ಗೇಟಿನ ಒಳಗೆ ಒಂದು ಎಮ್ಮೆ. ಹೊರಗೆ ಯಾರೋ ಒಬ್ಬ, ಬಿಡಿ ಸ್ವಾಮಿ ಎಂದು ಕೈಮುಗಿದು ನಿಂತಿದ್ದಾನೆ. ಕೀಲಿ ತಮ್ಮ ಮನೆಯವರ ಕೈಯಲ್ಲಿದೆ.

ಅವಳು ಅಮ್ಮನ ಫೋನಿನಿಂದ ಪ್ರೂಫ್‌ಳ ಅಮ್ಮನ ನಂಬರಿಗೆ ಮೆಸೇಜ್ ಮಾಡಿದಳು: "ಪ್ರೂಫ್‌ಗೆ ಕೊಡಿ ಆಂಟಿ. ನಿಮ್ಮ ತಾತನ ತಾತನ ಎಮ್ಮೆ ಯಾವತ್ತಾದ್ರೂ ಗಡಿ ದಾಟಿ ತಪ್ಪಿಸ್ಕೊಂಡಿತ್ತಾ?"

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಗೊತ್ತಿಲ್ಲ. ತಾತನ್ನ ಕೇಳ್ತೀನಿ. ಯಾಕೆ?"

ಬುಗುರಿ ಆಡಿನ ಫೋಟೋ ಕಳಿಸಿದಳು. ಅದರ ಕೆಳಗೆ ಬರೆದಳು: "ನಮ್ಮವರು ಅದನ್ನ ಇಲ್ಲಿ ಕೂಡಿಹಾಕಿರಬಹುದು."