ಇಟ್ಟಿಗೆಯ ಮೇಲಿನ ಪಾದ

ನಿಮ್ಮನ್ನು ಹೆದರಿಸಲಿಕ್ಕೆ ಇದನ್ನು ಹೇಳುತ್ತಿಲ್ಲ, ನನಗೇ ಹೆದರಿಕೆಯಾಗಲಿಲ್ಲ.

ಎರಡು ಸಾವಿರ ವರ್ಷ ಹಳೆಯ ಊರೊಂದನ್ನು ಅಗೆದು ತೆಗೆದ ಜಾಗವನ್ನು ಜನರಿಗೆ ಸುತ್ತಾಡಿಸಿ ತೋರಿಸುವುದು ನನ್ನ ಕೆಲಸ. ಅಲ್ಲಿನ ಮೂರನೇ ಮನೆಯ ನೆಲದಲ್ಲಿ ಒಂದು ಇಟ್ಟಿಗೆಯಿದೆ. ಅದು ಹಸಿಯಾಗಿದ್ದಾಗ ಯಾವುದೋ ಮಗು ತುಳಿದು ಓಡಿದೆ. ಸುಟ್ಟ ಮೇಲೂ ಪುಟ್ಟ ಪಾದ ಹಾಗೇ ಉಳಿದಿದೆ. "ಇಟ್ಟಿಗೆ ಮಾಡಿದೋನು ಎಷ್ಟು ಬೈದಿರ್ಬೇಕು ನೋಡಿ," ಎಂದರೆ ಎಲ್ಲರೂ ನಗುತ್ತಾರೆ. ಅಳತೆ ತಿಳಿಯಲೆಂದು ನನ್ನ ಮಗಳ ಚಪ್ಪಲಿಯನ್ನು ಅದರ ಮೇಲಿಟ್ಟು ತೋರಿಸುತ್ತಿದ್ದೆ. ಸರಿಯಾಗಿ ಕೂರುತ್ತಿತ್ತು.

ಎರಡು ವರ್ಷದ ಹಿಂದೆ, ನಾಲ್ಕು ತುಂಬಿದ್ದ ಮಗಳು ಜ್ವರದಲ್ಲಿ ಹೋದಳು. ಚಪ್ಪಲಿ ನನ್ನ ಚೀಲದಲ್ಲೇ ಉಳಿಯಿತು, ತೋರಿಸುವುದೂ ನಿಲ್ಲಲಿಲ್ಲ.

ಈ ವರ್ಷ ಚಪ್ಪಲಿಯ ತುದಿಯಾಚೆಗೆ ಹೆಬ್ಬೆರಳಿನ ಗುರುತು ಇಣುಕತೊಡಗಿತು. ನೆರಳಿನಲ್ಲಿದ್ದ ಇಟ್ಟಿಗೆ ಮುಟ್ಟಿದರೆ ಬೆಚ್ಚಗಿತ್ತು. ಅಗೆತ ಮಾಡಿಸಿದ್ದ ಮೇಷ್ಟ್ರನ್ನು ಕರೆದೆ. ಅವರು ಅಳೆದು, ತಮ್ಮ ಹಳೆಯ ವರದಿ ತಿರುವಿ, ಮತ್ತೊಮ್ಮೆ ಅಳೆದರು.

"ಅವತ್ತು ನಾನೇ ತಪ್ಪು ಅಳೆದಿರ್ಬೇಕು ಕಣಮ್ಮಾ. ಸುಟ್ಟ ಇಟ್ಟಿಗೆ ಬೆಳೆಯುತ್ತಾ?"

ಮೊನ್ನೆ ಬೆಳಿಗ್ಗೆ ಅಂಗಡಿಗೆ ಹೋಗಿ ಒಂದು ಜೊತೆ ಮಕ್ಕಳ ಚಪ್ಪಲಿ ಕೇಳಿದೆ.

"ಮಗೂಗೆ ಎಷ್ಟು ವರ್ಷ ಅಕ್ಕಾ?" ಎಂದ ಅಂಗಡಿಯವನು.

"ಈ ತಿಂಗಳಿಗೆ ಆರು ತುಂಬುತ್ತೆ," ಎಂದುಬಿಟ್ಟೆ.

ಮಧ್ಯಾಹ್ನ ಜನ ಬರುವ ಮುಂಚೆ ಹೊಸ ಚಪ್ಪಲಿಯನ್ನು ಇಟ್ಟಿಗೆಯ ಮೇಲಿಟ್ಟೆ. ಸರಿಯಾಗಿ ಕೂತಿತು. ಎತ್ತಿ ನೋಡಿದರೆ ಅದರ ಅಟ್ಟೆಗೆ ಹಸಿ ಮಣ್ಣು ಮೆತ್ತಿಕೊಂಡಿತ್ತು.