ಅವಧಿ ಮೀರಿದ ಮಂಗಳವ್ವ

“ಕಾಲು ತಗೀರಿ! ಕಾಲು ತಗೀರಿ ಅಂದ್ರ!”

ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೊರಟಿದ್ದ ಬಸ್ಸನ್ನು ಗಕ್ಕನೆ ನಿಲ್ಲಿಸಿದ ಡ್ರೈವರ್ ಭರಮಣ್ಣ, ಮುಂದಿನ ಸೀಟಿನಲ್ಲಿದ್ದ ಮಂಗಳವ್ವನ ಪಾದ ಹಿಡಿದು ಎಂಜಿನ್ ಮುಚ್ಚಳದ ಮೇಲಿಂದ ಎಳೆದೇಬಿಟ್ಟ.

ಛಟೀರ್! ಅವಳ ಕೈ ಅವನ ಕೆನ್ನೆಗೆ ಬಿತ್ತು.

ಆಮೇಲೆ ಕೆಳಗೆ ನೋಡಿದಳು. ಚಪ್ಪಲಿ ಯಾವಾಗ ಕಳಚಿತ್ತೋ! ಎಡ ಅಂಗಾಲು ಸುಟ್ಟು ಬೊಬ್ಬೆ ಎದ್ದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ...

ಹುಟ್ಟುವಾಗಲೇ ಅವಳ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಕೂಸಿದ್ದಾಗ ಆಪರೇಷನ್ ಆಯಿತು. ಕೋಲು ಹಿಡಿದು ನಡೆಯುವಷ್ಟಾದಳು, ಪಾದಗಳಿಗೆ ಮಾತ್ರ ಸ್ಪರ್ಶ ಬರಲಿಲ್ಲ. “ಇಪ್ಪತ್ತು ದಾಟೂದಿಲ್ಲ” ಎಂದು ಅಂದಿನ ಡಾಕ್ಟರು ಹೇಳಿದ್ದನ್ನು ತಾಯಿ ಬೀರವ್ವ ಒಂದು ದಿನವೂ ಮರೆಯಲಿಲ್ಲ.

ಈಗ 1994. ಮಂಗಳವ್ವನಿಗೆ ಇಪ್ಪತ್ತಾರು! ಸಾವೂ ಬರಲಿಲ್ಲ, ಬದುಕಲು ಯಾರೂ ಬಿಡಲೂ ಇಲ್ಲ. ಮದುವೆ ಮಾತು ಎತ್ತಿದರೆ ಸಾಕು, ಬೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಹೊಸ ರವಿಕೆ ತೊಟ್ಟು ಯಾರಿಗೆ ತೋರಿಸಲಿ ಎಂದು ಮಗಳಿಗೂ ಬೇಸರ ಬಂದಿತ್ತು.

ಸುಟ್ಟ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಮತ್ತೆ ರಾಣೆಬೆನ್ನೂರಿನ ಕೆಲಸಕ್ಕೆ ಹೊರಟಾಗಿನಿಂದ ಭರಮಣ್ಣ ಎಂಜಿನ್‌ನಿಂದ ದೂರದ ಸೀಟು ಅವಳಿಗಾಗಿ ಹಿಡಿದಿಡತೊಡಗಿದ. ಮಾತು ಬೆಳೆಯಿತು. ಅವಳಿಗೂ ಬೆಳಗಾಗುವುದೇ ಬಸ್ಸಿಗಾಗಿ ಎನ್ನುವಂತಾಯಿತು.

ಅಷ್ಟರಲ್ಲಿ, ಅವಳ ಗಾಯಕ್ಕೆ ಮದ್ದು ಹಚ್ಚಿದ್ದ ಹಾವೇರಿ ಆಸ್ಪತ್ರೆಯ ಕಂಪೌಂಡರ್ ಇಸ್ಮಾಯಿಲಸಾಬ ಸುದ್ದಿ ಮುಟ್ಟಿಸಿದ. ಭರಮಣ್ಣ ಅವಳನ್ನು ಮದುವೆಯಾಗುವ ಮನಸ್ಸಿನಿಂದ ಡಾಕ್ಟರ ಬಳಿ ಅವಳ ಆಯುಷ್ಯದ ವಿಚಾರ ಕೇಳಲು ಬಂದಿದ್ದನಂತೆ!

ಮಂಗಳವ್ವನ ಮೈ ಉರಿದುಹೋಯಿತು. ಮೂರು ದಿನ ಬೇರೆ ಬಸ್ಸು ಹತ್ತಿದಳು.

ನಾಲ್ಕನೆಯ ಮಧ್ಯಾಹ್ನ ಅವನೇ ರಾಣೆಬೆನ್ನೂರಿನ ಬೀಜದ ಕಂಪನಿಗೆ ಬಂದ. ಅವಳು ಒದ್ದೆ ಕಾಗದ ಬಿಡಿಸಿ ಮೊಳಕೆ ಎಣಿಸುತ್ತಿದ್ದಳು. ಅದೇ ಅವಳ ಕೆಲಸ.

“ನಾ ಎಷ್ಟು ವರ್ಷ ಬಾಳಿಕಿ ಬರ್ತೇನಿ ಅಂತ ಕೇಳಿದ್ರೇನು? ಎತ್ತಿನ ಹಲ್ಲು ಎಣಿಸಿದಂಗ?”

“ಹೌದು, ಕೇಳೇನಿ.”

ಸುಳ್ಳಾದರೂ ಹೇಳಬಾರದಿತ್ತೇ ಈ ಮನುಷ್ಯ!

“ಏನಂದ್ರು?”

“ಲೆಕ್ಕ ಹೇಳಾಕ ನಾ ದೇವರಲ್ಲ ಅಂದ್ರು. ಕಿಡ್ನಿ ಕೆಡಬಹುದಂತ. ಜ್ವರ ಬಂದ್ರ ಮುಚ್ಚಿಡಬಾರದಂತ. ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ತಪಾಸಣಿ ಆಗಬೇಕು. ಹಂಗ ನೋಡ್ಕೊಂಡು ಭಾಳ ವರ್ಷ ಬದುಕಿದವರೂ ಅದಾರಂತ.”

ಅವನು ಜೇಬಿನಿಂದ ದುಂಡನೆಯ ಕನ್ನಡಿ ತೆಗೆದು ಮೇಜಿನ ಮೇಲಿಟ್ಟ.

“ಇದ್ಯಾಕ? ನನ್ನ ಮಾರಿ ನಾನ ನೋಡ್ಕೊಂಡು ಸುಮ್ಮನಾಗಲೇನು?”

“ಮಾರಿ ನಾ ನೋಡ್ತೇನಿ. ಇದು ಅಂಗಾಲಿಗೆ. ಗಾಯ ಆದ್ರ ನಿಮಗ ತಿಳಿಯೂದಿಲ್ಲಲ್ಲ... ದಿನಾ ನೋಡ್ಕೋಬೇಕಂತ.”

ಅವಳು ಕನ್ನಡಿಯನ್ನು ಅತ್ತ ಸರಿಸಿದಳು. “ಮದುವಿ ಆಗಿ ಮುಂದಿನ ವರ್ಷ ನಾ ಸತ್ರ?”

ಭರಮಣ್ಣ ಮೂಲೆಯ ಬೀಜದ ಚೀಲ ತೋರಿಸಿದ. “ಇಂಥಾ ಚೀಲದ ಅವಧಿ ಮುಗದಿತ್ತು ಅಂತ ಅವತ್ತ ಬಸ್ಸಿನ್ಯಾಗ ಹೇಳಿದ್ರಲ್ಲ. ಚೆಲ್ಲಿಬಿಟ್ರೇನು?”

“ಮತ್ತ ಪರೀಕ್ಷೆ ಮಾಡಿದ್ವಿ. ಮೊಳಕಿ ಚಲೋ ಬಂತು. ಇನ್ನಾರು ತಿಂಗಳಿಗೆ ಹೊಸಾ ಚೀಟಿ ಹಚ್ಚಿದ್ವಿ...”

ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಕೇಳಿದಂತಾಗಿ ಅವಳು ಅವನ ಮುಖ ನೋಡಿದಳು.

“ನನಗ ಅಷ್ಟ ಸಾಕು, ಮಂಗಳಾ. ಆರು ತಿಂಗಳಿಗೊಮ್ಮೆ ಹಾವೇರಿಗೆ ಹೋಗೂಣು. ಇಬ್ಬರೂ.”

ಮಂಗಳವ್ವ ಅತ್ತಳು. ಮೂಗೊರೆಸಿಕೊಂಡು ಕನ್ನಡಿ ಕೈಗೆತ್ತಿಕೊಂಡಳು.

“ಬಲಗಾಲು ನಾ ನೋಡ್ಕೋತೇನಿ.”

“ಎಡಗಾಲು?”

“ಅದನ್ನ ಹಿಡದು ಕಪಾಳಕ್ಕ ತಿಂದವರು ಯಾರು? ನೀವ ನೋಡ್ರಿ!”