ತೊಳೆಯದೆ ಇಟ್ಟ ರೀಲು

"ಅಯ್ಯೋ! ಯಾರಿದು?!"

ಅವಳು ಕಿರುಚಿದ ರಭಸಕ್ಕೆ ಕೈಯಲ್ಲಿದ್ದ ಇಕ್ಕಳ ಟ್ರೇಯೊಳಗೆ ಬಿತ್ತು.

ಡಾರ್ಕ್‌ರೂಮಿನ ಕೆಂಪು ದೀಪದಡಿ, ದ್ರಾವಣದಲ್ಲಿ ಮುಳುಗಿದ್ದ ಕಾಗದದ ಮೇಲೆ ಅವಳೇ ತೆಗೆದ ಚಿತ್ರ ನಿಧಾನವಾಗಿ ಮೂಡುತ್ತಿತ್ತು. ಹೋದ ಭಾನುವಾರ ಹಳ್ಳಿದಾರಿಯಲ್ಲಿ ಕಂಡ ಮುರುಕು ಸೇತುವೆ. ಆ ಹೊತ್ತಿನಲ್ಲಿ ಅಲ್ಲೊಂದು ನರಪಿಳ್ಳೆಯೂ ಇರಲಿಲ್ಲ, ಬೇಕಾದರೆ ಆಣೆ ಮಾಡಿ ಹೇಳಬಲ್ಲಳು. ಆದರೆ ಈಗ ಸೇತುವೆಯ ನಡುವೆ ಒಬ್ಬ ಹೆಂಗಸು ನಿಂತಿದ್ದಳು! ಅವಳ ಮೈಯ ಹಿಂದಿನ ಕಲ್ಲುಗಳೆಲ್ಲ ಮೈಯ ಮೂಲಕವೇ ಕಾಣುತ್ತಿದ್ದವು. ಗಾಳಿಗೆ ಹಾರುವ ಕೂದಲನ್ನು ಒಂದು ಕೈಯಲ್ಲಿ ಹಿಡಿದು ನಗುತ್ತಿದ್ದಳು.

ಪಕ್ಕದ ಸಿಂಕಿನಲ್ಲಿ ತನ್ನ ಪ್ರಿಂಟುಗಳನ್ನು ತೊಳೆಯುತ್ತಿದ್ದವನು ತಿರುಗಿ ನೋಡಿದ. ಹಾಗೇ ನಿಂತುಬಿಟ್ಟ.

"ಈ ರೀಲು... ನಿಮಗೆಲ್ಲಿ ಸಿಕ್ತು?"

"ಡಬ್ಬಿಯಲ್ಲಿ. ಎಲ್ಲರ ಹಾಗೆ ನಾನೂ ಡಬ್ಬಿಯಿಂದಾನೇ..."

"ಯಾರನ್ನ ಕೇಳಿ ತಗೊಂಡ್ರಿ?!"

ಆರು ತಿಂಗಳಲ್ಲಿ ಅವನು ಅವಳೊಡನೆ ಆಡಿದ ಮೊದಲ ಮಾತುಗಳು ಇವು. ಎಂಥ ಚೆಂದದ ಪರಿಚಯ ನೋಡಿ!

ಅವನು ಬರಿಗೈಯಲ್ಲೇ ಆ ಒದ್ದೆ ಕಾಗದವನ್ನೆತ್ತಿಕೊಂಡು, ಬಾಗಿಲು ತೆರೆದು ಹೊರಗೆ ಓಡಿದ.

"ಬಾಗಿಲು! ಬಾಗಿಲು ಮುಚ್ರಪ್ಪಾ! ನನ್ನ ಕಾಗದ ಎಲ್ಲಾ ಹಾಳಾಯ್ತು!" ಎಂದು ಡ್ರಾಯಿಂಗ್ ಮೇಷ್ಟ್ರು ಒಳಗಿನಿಂದ ಬೊಬ್ಬೆ ಹಾಕಿದರು.

ಅವಳು ಹಿಂದೆಯೇ ಓಡಿದಳು. ಹೊರಗೆ ಮಟಮಟ ಮಧ್ಯಾಹ್ನದ ಬಿಸಿಲು. ಚಿತ್ರವನ್ನು ನಿಲ್ಲಿಸುವ ಫಿಕ್ಸರಿನಲ್ಲಿ ಅದ್ದದ ಪ್ರಿಂಟು ಬೆಳಕಿಗೆ ಬಂದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಬಳಗದಲ್ಲೇ ಇರಲಿಲ್ಲ. ಆದರೂ ಅವನು ಅಂಗಳದ ನಡುವೆ ಅದನ್ನು ಹಿಡಿದು ನಿಂತಿದ್ದ. ಸೇತುವೆ ಕಪ್ಪಾಯಿತು. ಕೂದಲು ಹಿಡಿದ ಕೈ ಕಪ್ಪಾಯಿತು. ಕೊನೆಗೆ ಆ ನಗುವೂ ಕಪ್ಪಾಯಿತು.

ಅವನು ಖಾಲಿ ಕರಿಯ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಯಾರನ್ನೂ ನೋಡದೆ ಗೇಟು ದಾಟಿ ಹೋದ.

ಅದು ಭಾನುವಾರದ ನಡಿಗೆ ಬಳಗ. ಫೋಟೋ ಹುಚ್ಚಿನ ಹತ್ತು ಹನ್ನೆರಡು ಮಂದಿ ವಾರಕ್ಕೊಮ್ಮೆ ಊರಾಚೆ ಹೋಗಿ, ಕಾಲು ನೋಯುವ ತನಕ ನಡೆದು, ಸಿಕ್ಕಿದ್ದನ್ನೆಲ್ಲ ಫೋಟೋ ತೆಗೆದು ಬರುತ್ತಿದ್ದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರೇ ಅವರ ಮುಖಂಡ. ಅವರ ಮನೆಯ ಉಗ್ರಾಣವೇ ಡಾರ್ಕ್‌ರೂಮು. ಪ್ರತಿಯೊಬ್ಬರೂ ತಮ್ಮಲ್ಲಿ ಮಿಕ್ಕ ಹೊಸ ರೀಲನ್ನು ಒಂದು ಬಿಸ್ಕತ್ ಡಬ್ಬಿಗೆ ಹಾಕಬೇಕು, ನಡಿಗೆಗೆ ಹೊರಡುವಾಗ ಕಣ್ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಅದು ಬಳಗದ ಪದ್ಧತಿ.

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಹಾಗಾಗಿ ಬಳಗದಲ್ಲಿ ಅವಳ ಹೆಸರು 'ಕನ್ನಡಕ'. ಅವನು ಪುಸ್ತಕಗಳಿಗೆ ಬೈಂಡ್ ಹಾಕುವವನು. ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವನಂತಿದ್ದುದರಿಂದ 'ಮೌನಿ'.

"ಯಾರು ಮೇಷ್ಟ್ರೇ ಅವರು? ಆ ಫೋಟೋದಲ್ಲಿ..."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು. "ಅವನ ಹೆಂಡ್ತಿ ಕಣಮ್ಮ. ತೀರಿಕೊಂಡು ಮೂರು ವರ್ಷ ಆಯ್ತು. ಜ್ವರ ಅಂತ ಮಲಗಿದವಳು ಮತ್ತೆ ಏಳಲೇ ಇಲ್ಲ. ಅದಕ್ಕೆ ಒಂದು ವಾರ ಮುಂಚೆ ಇಬ್ಬರೂ ಸುತ್ತಾಡೋಕೆ ಹೋಗಿದ್ರು. ಆಗ ತೆಗೆದ ರೀಲು ಅದು."

"ಮೂರು ವರ್ಷ ತೊಳೀದೇ ಇಟ್ಟಿದ್ರಾ?"

"ನಾನೂ ಕೇಳಿದ್ದೆ. 'ತೊಳೆದುಬಿಟ್ರೆ ಅವಳನ್ನ ನೋಡೋದು ಮುಗಿದುಹೋಗುತ್ತೆ ಮೇಷ್ಟ್ರೇ, ಇನ್ನೂ ಒಂದು ಸಲ ನೋಡೋದು ಬಾಕಿ ಇರಲಿ' ಅಂದಿದ್ದ."

ನಡೆದದ್ದನ್ನು ಮೇಷ್ಟ್ರು ಬಿಡಿಸಿ ಹೇಳಿದರು.

ತೆಗೆದು ಮುಗಿದ ರೀಲಿನ ನಾಲಗೆಯನ್ನು, ಅಂದರೆ ಹೊರಚಾಚಿದ ತುದಿಯನ್ನು, ಎಲ್ಲರೂ ಅದರ ಪುಟ್ಟ ಕವಚದ ಒಳಕ್ಕೆ ಪೂರ್ತಿ ಸುತ್ತಿಬಿಡುತ್ತಾರೆ. ನಾಲಗೆ ಹೊರಗಿದ್ದರೆ ಅದು ಹೊಸದೆಂದೇ ಅರ್ಥ. ಮೌನಿಯ ಅಭ್ಯಾಸ ಬೇರೆ. ತಾನೇ ತೊಳೆಯುವವನಾದ್ದರಿಂದ, ಬಿಚ್ಚಲು ಸುಲಭವಾಗಲೆಂದು ನಾಲಗೆಯನ್ನು ಹೊರಗೇ ಬಿಡುತ್ತಿದ್ದ. ಕಪಾಟು ಒರೆಸುವಾಗ ಅವನ ಅಕ್ಕ ಅದನ್ನು ಹೊಸ ರೀಲೆಂದುಕೊಂಡು ಮೇಷ್ಟ್ರ ಡಬ್ಬಿಗೆ ಕಳಿಸಿಬಿಟ್ಟಿದ್ದಳು. ಕಣ್ಮುಚ್ಚಿ ಎತ್ತಿಕೊಂಡ ಇವಳು, ಸತ್ತವಳ ಚಿತ್ರಗಳ ಮೇಲೆಯೇ ಮರ, ಗಿಡ, ಸೇತುವೆ ಎಲ್ಲವನ್ನೂ ತೆಗೆದಿದ್ದಳು.

ಮೂವತ್ತಾರು ಚಿತ್ರ. ಮೂವತ್ತಾರನ್ನೂ ನಾನೇ ಹಾಳುಮಾಡಿದೆ!

ಆ ವಾರವಿಡೀ ಅವಳಿಗೆ ಊಟ ಸೇರಲಿಲ್ಲ. "ಯಾಕೆ ದೆವ್ವ ಹಿಡಿದವಳ ಥರ ಕೂತಿದೀಯ?" ಎಂದು ಅಮ್ಮ ಗದರಿದರೆ ಬೆಚ್ಚಿಬಿದ್ದಳು. ಕಣ್ಣು ಪರೀಕ್ಷೆಗೆ ಬಂದವರ ಮುಖದ ಮೇಲೂ ಆ ನಗುವೇ ತೇಲಿ ಬಂದಂತಾಗುತ್ತಿತ್ತು.

ಶನಿವಾರ ಮೇಷ್ಟ್ರ ಮನೆಗೆ ಹೋಗಿ, ಆ ನೆಗೆಟಿವ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಎಲ್ಲವೂ ಗಿಜಿಬಿಜಿ. ಆದರೆ ಒಂದು ಮಾತ್ರ...

ಹಾಳುಬಿದ್ದ ಸುಣ್ಣದ ಗೂಡಿನ ಬಾಗಿಲು. ಒಳಗೆ ಕಗ್ಗತ್ತಲೆ. ಕತ್ತಲೆಯ ಫೋಟೋ ತೆಗೆದರೆ ರೀಲಿನ ಮೇಲೆ ಏನೂ ಬೀಳುವುದಿಲ್ಲ. ಹಾಗಾಗಿ ಆ ಬಾಗಿಲಿನಷ್ಟು ಜಾಗದಲ್ಲಿ ಹಳೆಯ ಚಿತ್ರ ಒಂದಿಷ್ಟೂ ಕೆಡದೆ ಉಳಿದುಕೊಂಡಿತ್ತು!

ಅವಳು ಅದನ್ನು ಪ್ರಿಂಟ್ ಹಾಕಿದಳು. ಈ ಸಲ ಫಿಕ್ಸರಿನಲ್ಲಿ ಅದ್ದಿ, ತೊಳೆದು, ಒಣಗಿಸಿ, ನೆಗೆಟಿವ್‌ಗಳ ಜೊತೆ ಅವನ ಬೈಂಡಿಂಗ್ ಅಂಗಡಿಗೆ ಒಯ್ದಳು.

ಅಂಟಿನ ವಾಸನೆ. ಗೋಡೆಯುದ್ದಕ್ಕೂ ಹೊಲಿಗೆ ಬಿಚ್ಚಿದ ಪುಸ್ತಕಗಳು. ಅವನು ಸೂಜಿಗೆ ದಾರ ಪೋಣಿಸುತ್ತಿದ್ದ.

"ಬೈಯೋದಿದ್ರೆ ಬೈದುಬಿಡಿ. ಆದ್ರೆ ಮೊದಲು ಇದನ್ನ ನೋಡಿ."

ಅವನು ನೋಡಿದ. ಬಾಗಿಲ ಕತ್ತಲೆಯಲ್ಲಿ ಅವನ ಹೆಂಡತಿ ನಿಂತಿದ್ದಳು. ರೆಪ್ಪೆಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾಗಿ.

ಸೂಜಿ ಕೆಳಗೆ ಬಿತ್ತು. ಅವನು ಅತ್ತ. ಗಂಡಸು ಹಾಗೆ ಎದುರಿಗೇ ಕೂತು ಅಳುವುದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಏನು ಮಾಡಬೇಕೆಂದು ತೋಚದೆ ನೀರಿನ ಲೋಟ ಮುಂದಿಟ್ಟಳು.

"ಅವತ್ತು ನೀವು ಎಲ್ಲೆಲ್ಲಿ ನಿಂತು ತೆಗೆದ್ರಿ?" ಎಂದು ಕಣ್ಣೊರೆಸಿಕೊಂಡು ಕೇಳಿದ. "ಆ ಜಾಗಗಳನ್ನ ನನಗೆ ತೋರಿಸ್ತೀರಾ?"

ಮಾರನೆಯ ಭಾನುವಾರದಿಂದ ಅವರಿಬ್ಬರೂ ಬಳಗದ ಹಿಂದೆ ಉಳಿದು ನಡೆಯತೊಡಗಿದರು. ಅವನು ಮುಳ್ಳುತಂತಿಯನ್ನು ಎತ್ತಿ ಹಿಡಿದು ಅವಳನ್ನು ದಾಟಿಸುತ್ತಿದ್ದ. "ಅವಸರ ಬೇಡ, ಆ ಮೋಡ ಸರಿದುಹೋಗಲಿ" ಎನ್ನುತ್ತಿದ್ದ. ಹೆಂಡತಿಯ ಬಗ್ಗೆಯೂ ಮಾತಾಡತೊಡಗಿದ. ಬೀಗ ಒಮ್ಮೆ ತೆರೆದದ್ದೇ ತಡ, ಮೂರು ವರ್ಷದ ಮಾತೆಲ್ಲ ಹೊರಬಂತು. ಕೇಳುತ್ತ ಕೇಳುತ್ತ ಅವಳು ಅವನನ್ನು ಪ್ರೀತಿಸಿಬಿಟ್ಟಳು...

ಬೇಕಿತ್ತಾ ನನಗೆ ಇದು?

ಏಕೆಂದರೆ ಆ ಹೆಂಗಸು ಎಲ್ಲಿಗೂ ಹೋಗಿರಲಿಲ್ಲ. ಕ್ಯಾಮೆರಾಕ್ಕೆ ಕಣ್ಣಿಟ್ಟಾಗಲೆಲ್ಲ ಅಲ್ಲಿ ನಿಂತಿರುತ್ತಿದ್ದಳು. ಅವಳಿಗಾಗಿ ತಾನು ಚಿತ್ರದ ನಡುವೆ ಜಾಗ ಬಿಟ್ಟು ತೆಗೆಯುತ್ತಿದ್ದೇನೆಂದು ಗೊತ್ತಾದ ದಿನ ಇವಳಿಗೆ ಮೈ ಜುಮ್ಮೆಂದಿತು.

ಅದಕ್ಕೆ ಸರಿಯಾಗಿ ಅವನು ಹೋದಲ್ಲೆಲ್ಲ ಹೇಳುವನು, "ಸ್ವಲ್ಪ ಅಲ್ಲಿ ನಿಂತ್ಕೊಳ್ಳಿ. ಇನ್ನೂ ಸ್ವಲ್ಪ ಎಡಕ್ಕೆ. ಹಾಂ, ಅಲ್ಲೇ."

ಆರನೆಯ ಭಾನುವಾರ, ಸುಣ್ಣದ ಗೂಡಿನ ಬಾಗಿಲಲ್ಲಿ ನಿಂತಾಗ ಅವಳಿಗೆ ಥಟ್ಟನೆ ಹೊಳೆಯಿತು. ಅವನು ತನ್ನನ್ನು ನಿಲ್ಲಿಸುತ್ತಿದ್ದದ್ದು, ಗಿಜಿಬಿಜಿ ಚಿತ್ರಗಳಲ್ಲಿ ಆ ಹೆಂಗಸು ಕಾಣಿಸಿದ ಜಾಗಗಳಲ್ಲೇ! ಪ್ರತಿ ಸಲವೂ!

"ಕೂದಲು ಹಿಡ್ಕೊಳ್ಳಬೇಕಾ?" ಅವಳು ಬಾಗಿಲಿನಿಂದ ಈಚೆ ಬಂದಳು. "ಹೇಳಿ! ಅವರ ಹಾಗೇ ನಗಬೇಕಾ?"

ಅವನು ಕ್ಯಾಮೆರಾ ಇಳಿಸಿದ.

"ನಾನು ಮಾಡಿದ್ದು ತಪ್ಪು, ಒಪ್ಪಿಕೊಂಡೆ. ಆದ್ರೆ ಆ ತಪ್ಪಿಗೆ ನನ್ನನ್ನ ಅವರ ಜಾಗದಲ್ಲಿ ಬೊಂಬೆ ಮಾಡಿ ನಿಲ್ಲಿಸಬೇಡಿ. ನನ್ನ ಕೈಲಿ ಆಗಲ್ಲ!"

ಅವಳು ಒಬ್ಬಳೇ ರಸ್ತೆಯ ತನಕ ನಡೆದು, ಸಿಕ್ಕಿದ ಬಸ್ಸು ಹತ್ತಿದಳು. ಅವನು ಹಿಂದೆ ಬರುತ್ತಾನೆಂದು ಮೂರು ಸಲ ತಿರುಗಿ ನೋಡಿದಳು. ಬರಲಿಲ್ಲ, ಪುಣ್ಯಾತ್ಮ.

ಮೂರು ಭಾನುವಾರ ಅವಳು ನಡಿಗೆಗೆ ಹೋಗಲಿಲ್ಲ. ಕ್ಯಾಮೆರಾ ಬೀರುವಿನ ತಳ ಸೇರಿತು.

ನಾಲ್ಕನೆಯ ಶನಿವಾರ ಮಧ್ಯಾಹ್ನ, ಅಂಗಡಿಯ ಪರೀಕ್ಷೆಯ ಕುರ್ಚಿಯಲ್ಲಿ ಬಂದು ಕೂತವನನ್ನು ಅವಳು ನೋಡದೆಯೇ ಕೇಳಿದಳು, "ದೂರದ್ದು ಕಾಣಲ್ವೋ, ಹತ್ತಿರದ್ದೋ?"

"ಹತ್ತಿರದ್ದು."

ದನಿ ಕೇಳಿ ಅವಳ ಕೈ ನಿಂತಿತು. ಆದರೂ ಕೆಲಸ ಕೆಲಸವೇ. ಪರೀಕ್ಷೆಯ ಫ್ರೇಮನ್ನು ಅವನ ಮೂಗಿಗೇರಿಸಿ, ಒಂದು ಕಣ್ಣು ಮುಚ್ಚಿ, "ಓದಿ" ಎಂದಳು.

ಅವನು ಅಕ್ಷರದ ಬೋರ್ಡನ್ನು ನೋಡಲಿಲ್ಲ.

"ಅಲ್ಲಿ ನಿಲ್ಲಿಸಿದ್ದು ಅವಳನ್ನ ನೋಡೋಕೇ. ಸುಳ್ಳು ಹೇಳಲ್ಲ."

"ಗೊತ್ತು."

"ಪೂರ್ತಿ ಕೇಳಿ. ಮೊದಲನೇ ವಾರ ನಿಮ್ಮನ್ನ ನಿಲ್ಲಿಸಿದಾಗ ಅವಳು ಕಂಡಳು. ಎರಡನೇ ವಾರವೂ ನೀವು ನಿಂತ್ರಿ... ಅವಳು ಕಾಣಲಿಲ್ಲ. ನೀವೇ ಕಂಡ್ರಿ. ಬಿಸಿಲಿಗೆ ಕಣ್ಣು ಕಿರಿದು ಮಾಡ್ಕೊಂಡು, 'ಬೇಗ ತೆಗೀರಿ' ಅಂತ ಗೊಣಗ್ತಾ ಇದ್ರಿ."

ಅವಳು ಕೈಯಲ್ಲಿದ್ದ ಲೆನ್ಸನ್ನು ಪೆಟ್ಟಿಗೆಗೆ ಹಾಕಿದಳು.

"ನನಗೆ ಭಯ ಆಯ್ತು. ನಾನೇ ಅವಳನ್ನ ಇನ್ನೊಂದು ಸಲ ಸಾಯಿಸಿಬಿಟ್ಟೆ ಅನ್ನಿಸ್ತು. ಅದಕ್ಕೇ ಬೇರೆ ಜಾಗ, ಮತ್ತೊಂದು ಜಾಗ ಅಂತ ನಿಲ್ಲಿಸ್ತಾ ಹೋದೆ. ಒಂದರಲ್ಲಾದ್ರೂ ಅವಳು ಕಾಣಲಿ ಅಂತ. ಎಲ್ಲದರಲ್ಲೂ ನೀವೇ..." ಅವನು ಫ್ರೇಮಿನೊಳಗಿಂದಲೇ ಅವಳನ್ನು ನೋಡಿದ. "ಆ ದಿನ ಇದನ್ನೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ನೀವಂದ್ರೆ ನನಗೆ ಇಷ್ಟ. ಅವಳಂತೆ ಇದೀರಿ ಅಂತಲ್ಲ. ಒಂದಿಷ್ಟೂ ಅವಳಂತಿಲ್ಲ ನೀವು."

ಆ ಹಾಳು ಫ್ರೇಮಿನಲ್ಲಿ ಒಂದು ಕಣ್ಣು ಮುಚ್ಚಿಕೊಂಡು ಪ್ರೀತಿ ಹೇಳುತ್ತಿದ್ದವನನ್ನು ಕಂಡು ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಫ್ರೇಮನ್ನು ಮೆಲ್ಲನೆ ತೆಗೆದಳು. ಬೆರಳು ಅವನ ಕೆನ್ನೆಗೆ ತಾಗಿ ಅಲ್ಲೇ ಉಳಿಯಿತು.

"ನನಗೂ ಅವರು ಕಾಣ್ತಾರೆ," ಎಂದಳು ಪಿಸುದನಿಯಲ್ಲಿ. "ಈಗಲೂ. ಕ್ಯಾಮೆರಾ ಮುಟ್ಟೋಕೇ ಹೆದರಿಕೆ."

"ಕೋಪದಲ್ಲಿ ಇರ್ತಾಳಾ?"

ಅವಳು ಯೋಚಿಸಿದಳು. ಇಷ್ಟು ದಿನ ಹೆದರಿದ್ದೇ ಬಂತು, ಒಮ್ಮೆಯಾದರೂ ಆ ಮುಖವನ್ನು ಸರಿಯಾಗಿ ನೋಡಿರಲಿಲ್ಲ.

"ಇಲ್ಲ... ನಗ್ತಾ ಇರ್ತಾರೆ."

ಅವನ ಕಣ್ಣು ತುಂಬಿತು. "ನಾಳೆ ನಡಿಗೆಗೆ ಬರ್ತೀರಾ?"

"ಇಷ್ಟೆಲ್ಲ ಹೇಳಿದ ಮೇಲೂ 'ಬರ್ತೀರಾ' ಅಂತೀರಲ್ಲ!"

"ಬರ್ತೀಯಾ?"

"ಬರ್ತೀನಿ."

"ಅವಳೂ ಬಂದ್ರೆ?"

ಅವಳು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಬರಲಿ ಬಿಡಿ. ದಾರಿ ಅಗಲವಾಗಿದೆ, ಮೂರು ಜನ ನಡೀಬಹುದು."